ಟ್ಯಾಂಕುಗಳು ಬಂದ ಮೇಲಿನ ಮುಷ್ಕರ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನನ್ನ ಪರಿಚಯದ ಇಬ್ಬರು ಹಿರಿಯರ ನಡುವೆ ವಾಟ್ಸ್‌ಆ್ಯಪ್‌ನಲ್ಲಿ ಜಗಳ ತಪ್ಪಿದ್ದಲ್ಲ. ಮೊದಲನೆಯವರು ನಿವೃತ್ತ ಬ್ಯಾಂಕ್ ಅಧಿಕಾರಿ. 1956ರಲ್ಲಿ ಕಮ್ಯುನಿಸ್ಟ್ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಹಂಗೇರಿಯ ರಾಜಧಾನಿ ಬುಡಾಪೆಸ್ಟಿನ ಕಪ್ಪು ಬಿಳುಪು ಚಿತ್ರಗಳನ್ನು ಒಂದರ ಹಿಂದೆ ಒಂದು ಹಾಕುತ್ತಾರೆ: ನಡುವಿನ ಲಾಂಛನವನ್ನು ಕತ್ತರಿಸಿ ತೆಗೆದ ತೂತುಬಾವುಟ, ನೆಲಕ್ಕೊರಗಿದ ಸ್ಟಾಲಿನ್‌ನ ತಲೆ, ಹೆಗಲಿಗೆ ಬಂದೂಕು ಏರಿಸಿಕೊಂಡ ಹದಿಹರೆಯದ ಹುಡುಗಿ. ಅಡಿಯಲ್ಲಿ ‘ಕೆಂಪು ಸ್ವರ್ಗ ನೋಡಿ’ ಎಂಬ ಒಕ್ಕಣೆ. ಎರಡನೆಯವರು ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ನನ್ನ ಅಪ್ಪನ ಜೊತೆ ದುಡಿದವರು, ಜೀವಮಾನವೆಲ್ಲ ಯೂನಿಯನ್ನಿಗೆ ತೆತ್ತವರು. ಅವರದು ವರ್ಷವೂ ಅದೇ ಉತ್ತರ: ‘ಅದು ಪ್ರತಿಕ್ರಾಂತಿ. ಜಮೀನ್ದಾರರು, ಪಾದ್ರಿಗಳು, ಅಮೆರಿಕದ ದುಡ್ಡು.’ ಅಷ್ಟು ಹೇಳಿ ಅವರು ಮೊಬೈಲ್ ಕೆಳಗಿಡುತ್ತಾರೆ, ಇವರು ಇನ್ನೆರಡು ಚಿತ್ರ ಹಾಕುತ್ತಾರೆ. ಇಬ್ಬರೂ ನನಗೆ ಬೇಕಾದವರು. ಹಾಗಾಗಿ ನಾನು ನಡುವೆ ಬಾಯಿ ಹಾಕುವುದಿಲ್ಲ.

ಆದರೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ. ಇಬ್ಬರ ಕಥೆಯೂ ನವೆಂಬರ್ 4ಕ್ಕೆ ನಿಂತುಹೋಗುತ್ತದೆ. ಅಂದು ನಸುಕಿನಲ್ಲಿ ಸೋವಿಯತ್ ಟ್ಯಾಂಕುಗಳು ಎರಡನೆಯ ಸಲ ಬುಡಾಪೆಸ್ಟಿಗೆ ನುಗ್ಗಿದವು, ದಂಗೆ ಮುಗಿಯಿತು, ತೆರೆ ಬಿತ್ತು. ಒಬ್ಬರಿಗೆ ಅದು ದುರಂತ, ಇನ್ನೊಬ್ಬರಿಗೆ ಅನಿವಾರ್ಯ ಶಸ್ತ್ರಚಿಕಿತ್ಸೆ. ನನ್ನ ಕುತೂಹಲ ಶುರುವಾಗುವುದು ತೆರೆ ಬಿದ್ದ ಮೇಲೆ. ಪ್ರಧಾನಿ ಇಮ್ರೆ ನಾಜ್ ಯುಗೊಸ್ಲಾವಿಯಾದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದಾರೆ, ರಕ್ಷಣಾ ಮಂತ್ರಿ ಸೆರೆಯಲ್ಲಿದ್ದಾರೆ, ಮೂಲೆ ಮೂಲೆಯಲ್ಲಿ ಪರದೇಶದ ಸೈನಿಕರಿದ್ದಾರೆ. ಅಂಥ ಹೊತ್ತಿನಲ್ಲಿ ಆ ದೇಶದ ಕಾರ್ಖಾನೆಗಳೂ ಗಣಿಗಳೂ ಡಿಸೆಂಬರ್ ನಡುವಿನವರೆಗೆ ಬಿಟ್ಟು ಬಿಟ್ಟು ಮುಷ್ಕರ ಹೂಡಿದವು. ಕಾರ್ಮಿಕರ ಹೆಸರಿನಲ್ಲಿ ಆಳುತ್ತಿದ್ದ ಸರ್ಕಾರದ ವಿರುದ್ಧ ಕಾರ್ಮಿಕರೇ ಕೆಲಸ ನಿಲ್ಲಿಸಿದ್ದರು. ಬ್ಯಾಂಕಿನವರು ಈ ಭಾಗವನ್ನು ಹೇಳುವುದಿಲ್ಲ, ಯಾಕೆಂದರೆ ಆ ಮುಷ್ಕರಗಾರರು ಕಾರ್ಖಾನೆಗಳನ್ನು ಹಳೆಯ ಮಾಲೀಕರಿಗೆ ಮರಳಿಸಿ ಎಂದು ಕೇಳಲೇ ಇಲ್ಲ. ಯೂನಿಯನ್ನಿನವರು ಹೇಳುವುದಿಲ್ಲ, ಕಾರಣ ಹೇಳಬೇಕಾಗಿಲ್ಲ.

ಕೂಲಿಯ ಲೆಕ್ಕ

ದಂಗೆಗೆ ಮೊದಲು ಹಂಗೇರಿಯನ್ನು ಆಳಿದ ಕಮ್ಯುನಿಸ್ಟ್ ನಾಯಕ ಮಾತ್ಯಾಷ್ ರಾಕೊಶಿಯ ಆಳ್ವಿಕೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗುಪ್ತ ಪೊಲೀಸರಿಂದ ಶುರು ಮಾಡುತ್ತಾರೆ. ಆಂದ್ರಾಶಿ ರಸ್ತೆಯ 60ನೇ ನಂಬರಿನ ಕಟ್ಟಡ, ನೆಲಮಾಳಿಗೆಯ ಕೋಣೆಗಳು, ನಡುರಾತ್ರಿ ಬಾಗಿಲು ತಟ್ಟುವ ಸದ್ದು. ಎಲ್ಲವೂ ನಿಜ. ಆದರೆ ದಿನಾ ಬೆಳಿಗ್ಗೆ ಶಿಫ್ಟಿಗೆ ಹೋಗುವವನಿಗೆ ಭಯದಷ್ಟೇ ಕಾಡಿದ್ದು ಕೂಲಿಯ ಲೆಕ್ಕ. ಪೀಸ್ ರೇಟ್ ಪದ್ಧತಿ, ಅಂದರೆ ತೆಗೆದ ಮಾಲಿನ ಲೆಕ್ಕಕ್ಕೆ ಕೂಲಿ, ಇತ್ತು; ಇಷ್ಟು ತಾಸಿನಲ್ಲಿ ಇಷ್ಟು ಮಾಲು ತೆಗೆಯಬೇಕೆಂಬ ಮಿತಿ ಇತ್ತು; ಯಾರಾದರೂ ಒಬ್ಬ ಅದನ್ನು ದಾಟಿದರೆ ಎಲ್ಲರ ಮಿತಿಯೂ ಏರುತ್ತಿತ್ತು. ಉಯ್‌ಪೆಷ್ತ್ ಎಂಬ ಬುಡಾಪೆಸ್ಟಿನ ಭಾಗದ ಬಲ್ಬ್ ಕಾರ್ಖಾನೆಯಲ್ಲಿ ಇಗ್ನಾತ್ಸ್ ಪಿಯೊಕೆರ್ ಎಂಬ ಪ್ಲೇನಿಂಗ್ ಯಂತ್ರದ ಕೆಲಸಗಾರನಿದ್ದ. ಸರ್ಕಾರ ಅವನನ್ನು ದೇಶಕ್ಕೇ ಮಾದರಿ ಎಂದು ಮೆರೆಸಿತು. ಅವನ ಪಕ್ಕದ ಯಂತ್ರದಲ್ಲಿ ನಿಂತವರು ಅವನನ್ನು ಹೇಗೆ ನೋಡುತ್ತಿದ್ದರು ಎಂದು ಊಹಿಸಲು ಹಂಗೇರಿಗೆ ಹೋಗಬೇಕಿಲ್ಲ. ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಲ್ಲುವವನು ಬಂದ ದಿನ ಅಪ್ಪ ಮನೆಗೆ ಬಂದರೆ ಊಟದ ಹೊತ್ತಿನಲ್ಲೂ ಮಾತಾಡುತ್ತಿರಲಿಲ್ಲ. ಪಿಯೊಕೆರ್ ಕೆಲಸ ಮಾಡಿದ ಆ ಕಾರ್ಖಾನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಎಗ್ಯೆಶ್ಯುಲ್ತ್ ಇಜ್ಜೊ. ಬಲ್ಬಿನ ಮೇಲೆ ಅಚ್ಚಾಗುತ್ತಿದ್ದುದು ತುಂಗ್‌ಸ್ರಾಮ್. ಅದು ಮತ್ತೆ ಬರುತ್ತದೆ.

ಕೂಲಿ ಕೈಗೆ ಬರುವ ಮೊದಲೇ ‘ಶಾಂತಿ ಸಾಲ’ ಎಂಬ ಹೆಸರಿನಲ್ಲಿ ಒಂದಷ್ಟು ಮುರಿದುಕೊಳ್ಳುತ್ತಿದ್ದರು. ಸಾಲ ಕೊಡುವುದು ಐಚ್ಛಿಕವೆಂದು ಕಾಗದದಲ್ಲಿತ್ತು, ಕೊಡುವುದಿಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಹಳ್ಳಿಗಳಲ್ಲಿ ಧಾನ್ಯದ ಕಡ್ಡಾಯ ಲೆವಿ. ಹಂಗೇರಿಯ ರೈತರು ಕಾಳನ್ನು ಮನೆಯ ಅಟ್ಟದಲ್ಲಿ ಶೇಖರಿಸುತ್ತಿದ್ದರು, ಅಧಿಕಾರಿಗಳು ಬಂದು ಅಟ್ಟವನ್ನೇ ಗುಡಿಸಿಕೊಂಡು ಹೋಗುತ್ತಿದ್ದರು. ‘ಅಟ್ಟ ಗುಡಿಸುವುದು’ ಎಂದೇ ಅಲ್ಲಿನವರು ಆ ಕಾಲವನ್ನು ನೆನೆಯುತ್ತಾರೆ. ಇದರ ಮೇಲೆ ಯುದ್ಧದಲ್ಲಿ ಸೋತ ದೇಶ ತೆರಬೇಕಾಗಿದ್ದ 30 ಕೋಟಿ ಡಾಲರ್ ಪರಿಹಾರ, ಅದರಲ್ಲಿ 20 ಕೋಟಿ ಸೋವಿಯತ್ ಒಕ್ಕೂಟಕ್ಕೆ. ನೆನಪಿರಲಿ, 1945ರ ಚುನಾವಣೆಯಲ್ಲಿ ಕಮ್ಯುನಿಸ್ಟರಿಗೆ ಸಿಕ್ಕಿದ್ದು ಶೇಕಡ 17 ಮತ. ಉಳಿದದ್ದನ್ನು ಅವರಿಗೆ ದಕ್ಕಿಸಿಕೊಟ್ಟದ್ದು ನೆರಳಿನಲ್ಲಿ ನಿಂತಿದ್ದ ಕೆಂಪು ಸೇನೆ.

ಒಳಗೊಳಗೇ ಪಕ್ಷವೂ ತನ್ನವರನ್ನೇ ತಿನ್ನುತ್ತಿತ್ತು. 1949ರಲ್ಲಿ ಲಾಸ್ಲೊ ರಾಯ್ಕ್ ಎಂಬ ಮಂತ್ರಿಯನ್ನು ಗೂಢಚಾರನೆಂದು ಗಲ್ಲಿಗೇರಿಸಿದರು. ಅವನಿಂದ ತಪ್ಪೊಪ್ಪಿಗೆ ಹೊರಡಿಸುವ ಕೆಲಸದಲ್ಲಿ ಆಗಿನ ಗೃಹಮಂತ್ರಿ ಯಾನೊಷ್ ಕಾದಾರ್‌ನ ಕೈಯೂ ಇತ್ತು. ಎರಡು ವರ್ಷದಲ್ಲಿ ಕಾದಾರ್‌ನೂ ಜೈಲು ಸೇರಿದ. 1956ರ ಫೆಬ್ರವರಿಯಲ್ಲಿ ಕ್ರುಶ್ಚೇವ್ ಸ್ಟಾಲಿನ್‌ನ ಅಪರಾಧಗಳನ್ನು ಬಯಲಿಗೆಳೆದ ಮೇಲೆ ಈ ಸುಳ್ಳುಗಳನ್ನು ಹೊತ್ತು ನಿಲ್ಲುವುದು ಕಷ್ಟವಾಯಿತು. ಅಕ್ಟೋಬರ್ 6ರಂದು ರಾಯ್ಕ್‌ನ ಅವಶೇಷವನ್ನು ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. ಲಕ್ಷಕ್ಕೂ ಮೀರಿ ಜನ ಬಂದಿದ್ದರು. ಹದಿನೇಳು ದಿನ ಕಳೆದು ಬೀದಿ ಕುದಿಯಿತು.

ಕಂಚು ಹಾಗೆ ಉರಿಯುವುದಿಲ್ಲ

ಅಕ್ಟೋಬರ್ 23ರ ಮೆರವಣಿಗೆ ಶುರುವಾಗಿದ್ದು ಆಗಷ್ಟೇ ಮಾಸ್ಕೊಗೆ ಎದುರು ನಿಂತಿದ್ದ ಪೋಲೆಂಡಿನ ಬೆಂಬಲಕ್ಕೆ. ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಿಂದಿನ ರಾತ್ರಿ 16 ಬೇಡಿಕೆಗಳ ಪಟ್ಟಿ ಮಾಡಿದ್ದರು: ಸೋವಿಯತ್ ಸೈನ್ಯ ಹಿಂತಿರುಗಲಿ, ಸುಧಾರಣೆಯ ಪರವಿದ್ದ ಕಮ್ಯುನಿಸ್ಟ್ ಇಮ್ರೆ ನಾಜ್ ಪ್ರಧಾನಿಯಾಗಲಿ, ಹಲವು ಪಕ್ಷಗಳ ಚುನಾವಣೆ ನಡೆಯಲಿ, ಕಾರ್ಖಾನೆಗಳ ಕೆಲಸದ ಮಿತಿ ಪರಿಶೀಲಿಸಲಿ, ಮುಷ್ಕರದ ಹಕ್ಕು ಸಿಗಲಿ, ಸ್ಟಾಲಿನ್ ಪ್ರತಿಮೆ ತೆಗೆಯಲಿ. 1848ರಲ್ಲಿ ಹಂಗೇರಿಯ ಪರವಾಗಿ ಕಾದಾಡಿದ ಪೋಲಿಷ್ ಸೇನಾನಿ ಬೆಮ್‌ನ ಪ್ರತಿಮೆಯ ಬಳಿ ಸೇರಿ, ಅಲ್ಲಿಂದ ಸಂಸತ್ ಭವನಕ್ಕೆ ಹೋದರು. ಸಂಜೆಯಾಗುವ ಹೊತ್ತಿಗೆ ಪಾಳಿ ಮುಗಿಸಿದವರೂ ಸೇರಿಕೊಂಡು ಜನ ಲಕ್ಷ ದಾಟಿದ್ದರು. ಒತ್ತಾಯಕ್ಕೆ ಕಿಟಕಿಯ ಬಳಿ ಬಂದು ನಿಂತ ನಾಜ್ ‘ಸಂಗಾತಿಗಳೇ’ ಎಂದು ಮಾತು ಆರಂಭಿಸಿದರೆ ಕೆಳಗಿನಿಂದ ‘ನಾವು ಸಂಗಾತಿಗಳಲ್ಲ’ ಎಂಬ ಕೂಗು ಬಂತು. ಪಾಪ, ಆ ಮನುಷ್ಯನಿಗೆ ಬೇರೆ ಸಂಬೋಧನೆ ಗೊತ್ತಿರಲಿಲ್ಲ. ಕೊನೆಯವರೆಗೂ ಅವರು ಕಮ್ಯುನಿಸ್ಟರೇ. ರಾತ್ರಿ ಎಂಟಕ್ಕೆ ಪಕ್ಷದ ಮುಖ್ಯಸ್ಥ ಎರ್ನೊ ಗೆರೊ ರೇಡಿಯೊದಲ್ಲಿ ಬಂದು ಜನರನ್ನು ಬೈದ. ಬೈಗುಳ ಕೇಳಿದ ಜನರಲ್ಲಿ ಒಂದು ಗುಂಪು ರೇಡಿಯೊ ಕಟ್ಟಡಕ್ಕೂ ಇನ್ನೊಂದು ಗುಂಪು ನಗರದ ಉದ್ಯಾನದ ಅಂಚಿನಲ್ಲಿದ್ದ ಸ್ಟಾಲಿನ್ ಪ್ರತಿಮೆಗೂ ಹೊರಟವು.

ಈ ಪ್ರತಿಮೆಯ ಚಿತ್ರವನ್ನು ನಾನು ಅಪ್ಪನಿಗೆ ತೋರಿಸಿದ್ದು ಅವರ ನಿವೃತ್ತಿಯ ನಂತರ, ಒಂದು ಭಾನುವಾರ. ಅವರು ಫ್ಯಾಬ್ರಿಕೇಷನ್ ಶಾಪಿನಲ್ಲಿ ಗ್ಯಾಸ್ ಕಟಿಂಗ್ ಮಾಡುತ್ತಿದ್ದವರು. ಎಂಟು ಮೀಟರಿನ ಕಂಚಿನ ಸ್ಟಾಲಿನ್ ಬಿದ್ದುಹೋಗಿ ಪೀಠದ ಮೇಲೆ ಬರೀ ಬೂಟುಗಳು ಉಳಿದಿರುವ ಚಿತ್ರ. ರಾಜಕೀಯದ ಮಾತು ಬರಬಹುದೆಂದು ನಾನು ಕಾದೆ. ಅವರು ಕನ್ನಡಕ ಹಣೆಗೇರಿಸಿ, ಚಿತ್ರವನ್ನು ಮೂಗಿನ ಹತ್ತಿರ ತಂದು, ಬೂಟಿನ ಅಂಚನ್ನೇ ನೋಡಿದರು. ‘ಇದನ್ನು ಕತ್ತರಿಸಿದವನು ಕೆಲಸ ಗೊತ್ತಿದ್ದವನು’ ಎಂದರು. ಆಮೇಲೆ ವಿವರಿಸಿದರು. ಉಕ್ಕನ್ನು ಕತ್ತರಿಸುವಾಗ ಬೆಂಕಿಯ ಕೆಲಸ ಅರ್ಧ, ಆಮ್ಲಜನಕದ ಕೆಲಸ ಅರ್ಧ. ಕೆಂಪಗೆ ಕಾದ ಉಕ್ಕಿನ ಮೇಲೆ ಆಮ್ಲಜನಕ ಬಿಟ್ಟರೆ ಅದು ತಾನೇ ಉರಿಯುತ್ತಾ ಗೆರೆ ಎಳೆದ ಹಾಗೆ ಸೀಳಿಕೊಂಡು ಹೋಗುತ್ತದೆ. ಕಂಚು ಹಾಗೆ ಉರಿಯುವುದಿಲ್ಲ. ಶಾಖವನ್ನು ಮೈಯೆಲ್ಲ ಹರಡಿಕೊಂಡು ಸುಮ್ಮನಿರುತ್ತದೆ. ಅದನ್ನು ಒಂದೇ ಕಡೆ ಹಿಡಿದು ಕರಗಿಸಿ ಕರಗಿಸಿ ಇಳಿಸಬೇಕು, ತಾಳ್ಮೆ ಬೇಕು, ಸಿಲಿಂಡರ್ ಸಾಕಷ್ಟು ಬೇಕು. ‘ಕಾಲೇಜು ಹುಡುಗರು ಹಗ್ಗ ಕಟ್ಟಿ ಎಳೆದಿರುತ್ತಾರೆ, ಅದು ಬಂದಿರುವುದಿಲ್ಲ’ ಎಂದು ನಕ್ಕರು.

ನಡೆದದ್ದೂ ಹಾಗೆಯೇ. ಹಗ್ಗವೂ ಉಕ್ಕಿನ ತಂತಿಯೂ ಸಾಲದೆ, ಕಾರ್ಖಾನೆಗಳಿಂದ ಲಾರಿಯಲ್ಲಿ ಸಿಲಿಂಡರ್, ಟಾರ್ಚು ತಂದು ಮೊಣಕಾಲಿನ ಮಟ್ಟದಲ್ಲಿ ಕರಗಿಸಿದ ಮೇಲೆ, ರಾತ್ರಿ ಒಂಬತ್ತೂವರೆಯ ಸುಮಾರಿಗೆ ಪ್ರತಿಮೆ ಬಿತ್ತು. ಜನ ಆ ಚೌಕವನ್ನು ಬೂಟು ಚೌಕ ಎಂದು ಕರೆದರು. ನನ್ನ ಮಟ್ಟಿಗೆ ಅಂದು ಇಡೀ ದಂಗೆಯ ಸ್ವಭಾವವೇ ಬದಲಾಯಿತು. ಬೇಡಿಕೆ ಬರೆದವರು ವಿದ್ಯಾರ್ಥಿಗಳು ಮತ್ತು ಸಾಹಿತಿಗಳು. ಸಲಕರಣೆ ತಂದವರು ಬೇರೆ. ಅದೇ ರಾತ್ರಿ ಚೆಪೆಲ್ ದ್ವೀಪದ ಉಕ್ಕಿನ ಕಾರ್ಖಾನೆಯಿಂದ ಲಾರಿಗಳು ಆಯುಧ ಹೊತ್ತು ರೇಡಿಯೊ ಕಟ್ಟಡದತ್ತ ಬಂದವು. ಪಕ್ಷದವರು ಹೆಮ್ಮೆಯಿಂದ ‘ಕೆಂಪು ಚೆಪೆಲ್’ ಎನ್ನುತ್ತಿದ್ದ ಜಾಗ ಅದು. ಕೆಲ ವರ್ಷ ಆ ಕಾರ್ಖಾನೆಗೆ ರಾಕೊಶಿಯ ಹೆಸರನ್ನೇ ಇಟ್ಟಿದ್ದರು.

ಬೀದಿ

ಕಾಳಗದ ಕಥೆ ನಿಮಗೆ ಗೊತ್ತಿರುವುದೇ. ಕೊರ್ವಿನ್ ಸಿನಿಮಾ ಮಂದಿರದ ಸುತ್ತಲಿನ ಓಣಿ, ಹಿಂದೆ ಪೆಟ್ರೋಲ್ ಪಂಪು, ಬಾಟಲಿಗೆ ಪೆಟ್ರೋಲ್ ತುಂಬಿ, ಮೊದಲ ಸಲ ನುಗ್ಗಿದ ಸೋವಿಯತ್ ಟ್ಯಾಂಕುಗಳ ಎಂಜಿನ್ ಮೇಲೆ ಒಡೆಯುತ್ತಿದ್ದ ಹದಿನಾರು ಹದಿನೇಳರ ಹುಡುಗರು. ಮೈನ್‌ಗಳಂತೆ ಕಾಣಲೆಂದು ರಸ್ತೆಯಲ್ಲಿ ಬೋರಲು ಹಾಕಿದ ತಟ್ಟೆಗಳು. ಕಿಲಿಯಾನ್ ಸೇನಾ ವಸತಿಯನ್ನು ಹತೋಟಿಗೆ ತರಲೆಂದು ಟ್ಯಾಂಕಿನೊಂದಿಗೆ ಬಂದು ದಂಗೆಕೋರರ ಕಡೆಗೇ ವಾಲಿದ ಕರ್ನಲ್ ಪಾಲ್ ಮಾಲೆತೆರ್. ಅಕ್ಟೋಬರ್ 25ರಂದು ಸಂಸತ್ತಿನ ಎದುರು ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿತು. 28ಕ್ಕೆ ಕದನವಿರಾಮ, ಗುಪ್ತ ಪೊಲೀಸ್ ಪಡೆಯ ವಿಸರ್ಜನೆ. ನವೆಂಬರ್ 1ರಂದು, ಈ ನಡುವೆ ಪ್ರಧಾನಿಯಾಗಿದ್ದ ನಾಜ್, ಸೋವಿಯತ್ ನೇತೃತ್ವದ ಸೇನಾ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬಂದು ತಟಸ್ಥ ದೇಶವೆಂದು ಘೋಷಿಸಿದರು.

ಒಂದನ್ನು ಮಾತ್ರ ಬಿಟ್ಟು ಮುಂದೆ ಹೋಗಲಾರೆ. ಅಕ್ಟೋಬರ್ 30ರಂದು ಗಣರಾಜ್ಯ ಚೌಕದ ಪಕ್ಷದ ಕಚೇರಿಯನ್ನು ಮುತ್ತಿದ ಗುಂಪು ಶರಣಾದವರನ್ನು ಕೊಂದಿತು, ಶವವನ್ನು ಮರಕ್ಕೆ ನೇತು ಹಾಕಿತು. ಸತ್ತವರಲ್ಲಿ ಕಡ್ಡಾಯ ಸೇವೆಗೆ ಬಂದಿದ್ದ ಎಳೆಯ ಸಿಪಾಯಿಗಳೂ ಇದ್ದರು. ಆ ಚಿತ್ರಗಳು ಪಶ್ಚಿಮದ ಪತ್ರಿಕೆಗಳಲ್ಲಿ ಅಚ್ಚಾದವು, ದಂಗೆಯ ನಂತರ ಅಧಿಕಾರಕ್ಕೆ ಬಂದ ಕಾದಾರ್ ಸರ್ಕಾರ ಮುಂದೆ ಮೂವತ್ತು ವರ್ಷ ಅವನ್ನೇ ಶಾಲಾ ಮಕ್ಕಳಿಗೆ ತೋರಿಸಿತು. ನನ್ನ ಯೂನಿಯನ್ ಹಿರಿಯರ ಜೇಬಿನಲ್ಲೂ ಆ ಒಂದು ದಿನವೇ ಇರುವುದು. ಅದು ನಡೆದದ್ದು ಹೌದು. ಅದರಿಂದ ಉಳಿದ ದಿನಗಳು ಅಳಿಯುವುದಿಲ್ಲ. ಅಂದು ಸರಿಸುಮಾರು ಅದೇ ಹೊತ್ತಿಗೆ, ಬುಡಾಪೆಸ್ಟಿನ ಕಾರ್ಖಾನೆಗಳ ಪ್ರತಿನಿಧಿಗಳು ಒಂದೆಡೆ ಕೂಡುವ ಸಿದ್ಧತೆಯಲ್ಲಿದ್ದರು. ಮರುದಿನ ಅವರು ಒಪ್ಪಿದ ಪತ್ರದ ಮೊದಲ ಮಾತು: ಕಾರ್ಖಾನೆ ಕಾರ್ಮಿಕರಿಗೆ ಸೇರಿದ್ದು.

ಎರಡನೆಯ ದಾಳಿಯಲ್ಲಿ ಯಾವ ಜಾಗಗಳು ಹೆಚ್ಚು ದಿನ ತಡೆದವು ಎಂದು ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಬುಡಾ ಗುಡ್ಡದ ಸಿರಿವಂತರ ಬಂಗಲೆಗಳಲ್ಲ. ಕಾರ್ಮಿಕರು ಕಿಕ್ಕಿರಿದ ಕೇರಿಗಳು, ನವೆಂಬರ್ 11ರವರೆಗೆ ಚೆಪೆಲ್. ಇನ್ನೊಂದು, ದನ್ಯೂಬ್ ದಂಡೆಯಲ್ಲಿ ಸಮಾಜವಾದದ ಮಾದರಿ ಊರೆಂದು ಬರಿ ನೆಲದಿಂದ ಕಟ್ಟಿ ಸ್ಟಾಲಿನ್ ಹೆಸರಿಟ್ಟಿದ್ದ ಉಕ್ಕಿನ ನಗರ. ನವೆಂಬರ್ 7ರಂದು, ರಷ್ಯನ್ ಕ್ರಾಂತಿಯ ವಾರ್ಷಿಕೋತ್ಸವದ ದಿನವೇ, ಆ ಊರಿನವರು ಸೋವಿಯತ್ ಸೈನ್ಯದೊಂದಿಗೆ ಕಾದಾಡುತ್ತಿದ್ದರು. ಯಾವ ಲೇವಡಿ ಲೇಖಕನೂ ಕಟ್ಟಲಾಗದ ಕಥೆ.

ನೆಹರೂ ಅವರ ಮತ, ರೆಹಮಾನ್ ಅವರ ಬಾಗಿಲು

ಇದರಲ್ಲಿ ನಮ್ಮ ಪಾಲೂ ಇದೆ, ಅದು ಅಷ್ಟು ಹೆಮ್ಮೆಪಡುವಂಥದ್ದಲ್ಲ. ಅದೇ ವಾರ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬಿದ್ದಿದ್ದವು. ದೆಹಲಿ ಸೂಯೆಜ್ ಬಗ್ಗೆ ಒಡನೆಯೇ ಗುಡುಗಿತು, ಹಂಗೇರಿಯ ಬಗ್ಗೆ ಮಾಹಿತಿ ಸಾಲದು ಎಂದಿತು. ನವೆಂಬರ್ 5ರಂದು ದೆಹಲಿಯಲ್ಲೇ ಸೇರಿದ್ದ ಯುನೆಸ್ಕೊ ಮಹಾಸಭೆಯಲ್ಲಿ ನೆಹರೂ ಈಜಿಪ್ಟ್, ಹಂಗೇರಿ ಎರಡನ್ನೂ ಒಟ್ಟಿಗೆ ಹೆಸರಿಸಿ ನೊಂದು ಮಾತಾಡಿದರು. ನಾಲ್ಕೇ ದಿನದಲ್ಲಿ, ಸೋವಿಯತ್ ಸೈನ್ಯ ಹಿಂತೆಗೆದು ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಚುನಾವಣೆ ನಡೆಸಬೇಕೆಂಬ ನಿರ್ಣಯ ಮತಕ್ಕೆ ಬಂದಾಗ ಕೃಷ್ಣ ಮೆನನ್ ನಾಯಕತ್ವದ ಭಾರತದ ನಿಯೋಗ ವಿರುದ್ಧ ಕೈ ಎತ್ತಿತು. ಪರ 48, ವಿರುದ್ಧ 11. ಆ ಹನ್ನೊಂದರಲ್ಲಿ ಕಮ್ಯುನಿಸ್ಟೇತರ ದೇಶ ನಮ್ಮದೊಂದೇ. ಕಾಶ್ಮೀರದಲ್ಲಿ ನಾಳೆ ಇದೇ ಮಾತು ನಮಗೇ ತಿರುಗಿ ಬಂದೀತು ಎಂಬ ಅಳುಕು ಇದರ ಹಿಂದಿತ್ತು. ಅಳುಕು ಅರ್ಥವಾಗುತ್ತದೆ. ಆದರೂ ಜಯಪ್ರಕಾಶ ನಾರಾಯಣರು ಅಂದು ನೆಹರೂ ಅವರನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡದ್ದು ಸರಿಯೆಂದೇ ನನಗೆ ಅನ್ನಿಸುತ್ತದೆ. ವಸಾಹತುಶಾಹಿಯ ಮೈಬಣ್ಣ ನೋಡಿ ಸಿಟ್ಟನ್ನು ಅಳೆಯುವುದು ನಮ್ಮ ದೊಡ್ಡ ಚಟ.

ಇದೇ ಭಾರತದ ಇನ್ನೊಂದು ಮುಖ ಬುಡಾಪೆಸ್ಟಿನಲ್ಲಿತ್ತು. ಅಲ್ಲಿನ ನಮ್ಮ ರಾಯಭಾರ ಕಚೇರಿಯನ್ನು ನೋಡಿಕೊಳ್ಳುತ್ತಿದ್ದವರು ಎಂ.ಎ. ರೆಹಮಾನ್ ಎಂಬ ಅಧಿಕಾರಿ. ರಾಯಭಾರಿ ಕೆ.ಪಿ.ಎಸ್. ಮೆನನ್ ಇದ್ದದ್ದು ಮಾಸ್ಕೊದಲ್ಲಿ, ಹಂಗೇರಿಯೂ ಅವರ ಹೊಣೆಗೆ ಸೇರಿತ್ತು. ನಾಜ್ ಸಂಪುಟದಲ್ಲಿ ಇಶ್ತ್ವಾನ್ ಬಿಬೊ ಎಂಬ ಚಿಂತಕ ಮಂತ್ರಿಯಾಗಿ ಒಂದು ದಿನ ಕಳೆದಿತ್ತಷ್ಟೆ. ನವೆಂಬರ್ 4ರಂದು ಎಲ್ಲರೂ ಚದುರಿದ ಮೇಲೂ ಆತ ಸಂಸತ್ ಭವನ ಬಿಟ್ಟು ಕದಲಲಿಲ್ಲ. ಸೋವಿಯತ್ ಸಿಪಾಯಿಗಳು ಕಟ್ಟಡದೊಳಗೆ ಓಡಾಡುತ್ತಿರುವಾಗ, ಕಾನೂನುಬದ್ಧ ಸರ್ಕಾರದ ಉಳಿದ ಏಕೈಕ ಪ್ರತಿನಿಧಿಯಾಗಿ ಟೈಪ್‌ರೈಟರಿನ ಮುಂದೆ ಕುಳಿತು ಘೋಷಣೆ ಟೈಪ್ ಮಾಡುತ್ತಿದ್ದ. ಎರಡು ದಿನ ಕಳೆದು ಅಲ್ಲಿಂದ ಹೊರಬಂದು, ಸೋವಿಯತ್ತರಿಗೂ ಮುಖ ಉಳಿಯುವಂಥ ಒಂದು ರಾಜಿ ಸೂತ್ರ ಬರೆದ. ಅದನ್ನು ಭಾರತದ ಕಚೇರಿಗೆ ತಲುಪಿಸಿದವನು ಅವನ ಗೆಳೆಯ ಆರ್ಪಾದ್ ಗೊಂತ್ಸ್. ರೆಹಮಾನ್ ಬಾಗಿಲು ತೆರೆದಿಟ್ಟುಕೊಂಡಿದ್ದರು, ಕಾಗದ ದೆಹಲಿಗೂ ಮಾಸ್ಕೊಗೂ ಹೋಗುವ ದಾರಿ ಹಿಡಿಯಿತು, ಡಿಸೆಂಬರಿನಲ್ಲಿ ಮೆನನ್ ಬುಡಾಪೆಸ್ಟಿಗೆ ಬಂದು ಹೋದರು. ಫಲಿಸಲಿಲ್ಲ. ಬಿಬೊ, ಗೊಂತ್ಸ್ ಇಬ್ಬರಿಗೂ 1958ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಗಲ್ಲು ತಪ್ಪಿದ್ದಕ್ಕೆ ನೆಹರೂ ಅವರ ಒಳಮಾತೂ ಕಾರಣ ಎನ್ನುತ್ತಾರೆ. ಜೈಲಿನಲ್ಲಿ ಇಂಗ್ಲಿಷ್ ಕಲಿತು ಅನುವಾದಕನಾದ ಗೊಂತ್ಸ್ 1990ರಲ್ಲಿ ಹಂಗೇರಿಯ ರಾಷ್ಟ್ರಪತಿಯಾದರು. ವಿಶ್ವಸಂಸ್ಥೆಯ ಆ ಮತ ನಮ್ಮ ಹೆಸರಿನಲ್ಲಿ ಉಳಿದಿದೆ; ರೆಹಮಾನ್ ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಬಲ್ಬ್ ಕಾರ್ಖಾನೆಯ ಸಭೆ

ಮುಷ್ಕರ ಅಂದರೆ ಏನೆಂದು ನನಗೆ ಗೊತ್ತಿರುವುದು ಪುಸ್ತಕದಿಂದಲ್ಲ. 1980ರ ಡಿಸೆಂಬರಿನಿಂದ ಮರುವರ್ಷದ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳು ಒಟ್ಟಿಗೆ ನಿಂತಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಮೊದಲ ವಾರ ಹಬ್ಬದ ಹಾಗಿತ್ತು, ಅಪ್ಪ ಮಧ್ಯಾಹ್ನವೂ ಮನೆಯಲ್ಲಿ. ಎರಡನೆಯ ತಿಂಗಳಿಗೆ ಅಮ್ಮ ಅಂಗಡಿಗೆ ನನ್ನನ್ನು ಕಳಿಸುವುದು ಬಿಟ್ಟು ತಾವೇ ಹೋಗಲು ಶುರು ಮಾಡಿದರು, ಅದೂ ಗಿರಾಕಿಗಳು ಕಡಿಮೆಯಿರುವ ಹೊತ್ತು ನೋಡಿ. ನಾನು ಹಿಂದೆ ಹೋಗುತ್ತಿದ್ದೆ. ಅಂಗಡಿಯ ಶೆಟ್ಟರು ಸಾಲದ ಪುಸ್ತಕ ತೆರೆಯುತ್ತಿರಲಿಲ್ಲ, ಬೇಳೆ ಅಳೆದು ಪೊಟ್ಟಣ ಕಟ್ಟುತ್ತಾ ‘ಬರೆದುಕೊಂಡಿದ್ದೇನೆ ತಾಯಿ, ಗೇಟು ತೆಗೆಯಲಿ’ ಎನ್ನುತ್ತಿದ್ದರು. ಒಂದು ಸಂಜೆ ಅಮ್ಮನ ಕೈ ಬರಿದಾಗಿತ್ತು, ಎರಡು ಚಿನ್ನದ ಬಳೆಗಳ ಜಾಗದಲ್ಲಿ ಗಾಜಿನವು ಬಂದಿದ್ದವು. ಅಪ್ಪ ಅದನ್ನು ನೋಡಿದರು, ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಗೇಟ್ ಮೀಟಿಂಗಿಗೆ ಹೋದರು. ಮುಷ್ಕರ ಮುರಿದ ದಿನ ಅವರು ಕೆಲಸಕ್ಕೆ ಹೊರಟಾಗ ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ. ಅಷ್ಟಕ್ಕೂ ಅಲ್ಲಿ ಟ್ಯಾಂಕಿರಲಿಲ್ಲ, ಗಲ್ಲಿರಲಿಲ್ಲ, ಚಳಿಗೆ ಕಲ್ಲಿದ್ದಲು ಬೇಕಾಗಿರಲಿಲ್ಲ.

ಬುಡಾಪೆಸ್ಟಿನಲ್ಲಿ ನವೆಂಬರ್ ಚಳಿ, ಒಡೆದ ಕಿಟಕಿಗಳು. ನಗರದ ಕಾರ್ಖಾನೆಗಳಲ್ಲಿ ಕಾರ್ಮಿಕರು ಆರಿಸಿಕೊಂಡ ಮಂಡಳಿಗಳು 13ರಂದು ಉಯ್‌ಪೆಷ್ತ್ ಪುರಭವನದಲ್ಲಿ ಸೇರಬೇಕೆಂದು ಆ ಭಾಗದ ಕ್ರಾಂತಿಕಾರಿ ಮಂಡಳಿ ಕರೆ ಕೊಟ್ಟಿತು. ಕರೆ ಕೊಟ್ಟವರನ್ನು ಬಂಧಿಸಲಾಯಿತು, ಭವನದ ಸುತ್ತ ಟ್ಯಾಂಕುಗಳು ನಿಂತವು. ಮರುದಿನ ಸಭೆ ಸೇರಿದ್ದು ಎಗ್ಯೆಶ್ಯುಲ್ತ್ ಇಜ್ಜೊದಲ್ಲಿ, ಮಾದರಿ ಕೆಲಸಗಾರ ಪಿಯೊಕೆರ್‌ನನ್ನು ದೇಶಕ್ಕೆ ಕೊಟ್ಟ ಅದೇ ಬಲ್ಬ್ ಕಾರ್ಖಾನೆಯಲ್ಲಿ. ಬೃಹತ್ ಬುಡಾಪೆಸ್ಟಿನ ಕೇಂದ್ರ ಕಾರ್ಮಿಕ ಮಂಡಳಿ ಹುಟ್ಟಿದ್ದು ಅಲ್ಲಿ. ಕೆಲವೇ ದಿನಗಳಲ್ಲಿ ಅದರ ಅಧ್ಯಕ್ಷನಾದವನು ಶಾಂಡೊರ್ ರಾತ್ಸ್, ಟೆಲಿಫೋನ್ ಸಲಕರಣೆ ಕಾರ್ಖಾನೆಯ ಟೂಲ್‌ಮೇಕರ್, ವಯಸ್ಸು 23. ಅವನ ಪಕ್ಕದಲ್ಲಿ ಅದೇ ಕಾರ್ಖಾನೆಯ ಇನ್ನೊಬ್ಬ ಟೂಲ್‌ಮೇಕರ್, ಹಳೆಯ ಎಡಪಂಥೀಯ, ಶಾಂಡೊರ್ ಬಾಲಿ. ಟೂಲ್ ರೂಮಿನವರೆಂದರೆ ಯಾವ ಕಾರ್ಖಾನೆಯಲ್ಲೂ ಸ್ವಲ್ಪ ಗತ್ತು. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವವರು ಮೇಸ್ತ್ರಿಯ ಮಾತನ್ನೂ ಅಳೆದೇ ಕೇಳುತ್ತಾರೆ.

ಅವರ ಬೇಡಿಕೆಗಳು ಹೊಸವಲ್ಲ. ಸೋವಿಯತ್ ಸೈನ್ಯ ಹೊರಡಲಿ, ನಾಜ್ ಮರಳಲಿ, ಚುನಾವಣೆ ನಡೆಯಲಿ, ಮುಷ್ಕರದ ಹಕ್ಕು ಉಳಿಯಲಿ. ಜೊತೆಗೆ, ಕಾರ್ಖಾನೆಗಳು ಖಾಸಗಿ ಮಾಲೀಕರ ಕೈಗೂ ಹೋಗಬಾರದು, ಮಂತ್ರಾಲಯದ ಕೈಯಲ್ಲೂ ಇರಬಾರದು. ಅಲ್ಲಿ ದುಡಿಯುವವರು ಆರಿಸಿದ ಮಂಡಳಿ ನಡೆಸಬೇಕು. ಸೋವಿಯತ್ ಬೆಂಬಲದಿಂದ ಪ್ರಧಾನಿಯಾಗಿದ್ದ ಕಾದಾರ್ ಅವರೊಂದಿಗೆ ಸಂಸತ್ ಭವನದಲ್ಲಿ ಮಾತುಕತೆಗೆ ಕೂತ, ಯಾಕೆಂದರೆ ಕಲ್ಲಿದ್ದಲು, ವಿದ್ಯುತ್ತು ಅವನಿಗೂ ಬೇಕಿತ್ತು. ಮಂಡಳಿಯೂ ಮಂಕುಬಡಿದ ಹಟದಲ್ಲಿ ಇರಲಿಲ್ಲ. ಆಸ್ಪತ್ರೆ, ಆಹಾರಕ್ಕೆ ತೊಂದರೆಯಾಗುತ್ತದೆಂದು ಒಂದು ಹಂತದಲ್ಲಿ ಕೆಲಸಕ್ಕೆ ಮರಳಲು ತಾನೇ ಕರೆ ಕೊಟ್ಟಿತು, ಅದಕ್ಕೆ ಬೈಗುಳವನ್ನೂ ತಿಂದಿತು. ನವೆಂಬರ್ 23ರಂದು, ದಂಗೆಗೆ ತಿಂಗಳು ತುಂಬಿದ ದಿನ, ಮಧ್ಯಾಹ್ನ ಎರಡರಿಂದ ಮೂರು ಗಂಟೆಯವರೆಗೆ ಬುಡಾಪೆಸ್ಟಿನ ಬೀದಿಗಳು ಖಾಲಿಯಾದವು. ಘೋಷಣೆಯಿಲ್ಲ, ಕಲ್ಲಿಲ್ಲ, ಗುಂಡು ಹಾರಿಸಲು ಎದುರಿಗೆ ಯಾರೂ ಇಲ್ಲ. ಡಿಸೆಂಬರ್ 4ರಂದು ಹೆಂಗಸರು ಹೂ ಹಿಡಿದು ವೀರರ ಚೌಕದ ಅಜ್ಞಾತ ಯೋಧನ ಸಮಾಧಿಗೆ ನಡೆದರು.

ಆಮೇಲೆ ಎಲ್ಲವೂ ಬೇಗ ಮುಗಿಯಿತು. ಡಿಸೆಂಬರ್ 8ರಂದು ಗಣಿಗಾರಿಕೆಯ ಊರು ಶಲ್ಗೊತಾರ್ಯಾನ್‌ನಲ್ಲಿ ಬಂಧಿತ ಸಂಗಾತಿಗಳ ಬಿಡುಗಡೆ ಕೇಳಲು ಬಂದ ಜನರ ಮೇಲೆ ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದರು. ಮರುದಿನ ಕೇಂದ್ರ ಮಂಡಳಿಯನ್ನು ನಿಷೇಧಿಸಿದರು. ರಾತ್ಸ್ ಮತ್ತು ಬಾಲಿ ತಮ್ಮ ಕಾರ್ಖಾನೆಯೊಳಗೆ ಉಳಿದರು, ಕಾರ್ಮಿಕರು ಅವರನ್ನು ಬಿಟ್ಟುಕೊಡಲಿಲ್ಲ. 11ರಂದು ಮಾತುಕತೆಗೆಂದು ಕಾದಾರ್ ಕರೆದ. ಸಂಸತ್ ಭವನದ ಬಾಗಿಲಲ್ಲೇ ಇಬ್ಬರನ್ನೂ ಹಿಡಿದರು. 11, 12 ಎರಡೂ ದಿನ ದೇಶದಲ್ಲಿ ಮತ್ತೆ ಮುಷ್ಕರ ನಡೆಯಿತು. 1957ರ ಜನವರಿ ಹೊತ್ತಿಗೆ ಮುಷ್ಕರಕ್ಕೆ ಪ್ರಚೋದಿಸಿದರೂ ಮರಣದಂಡನೆ ಎಂಬ ಕಾನೂನು ಬಂದಿತ್ತು. ಸುಮಾರು ಎರಡೂವರೆ ಸಾವಿರ ಹಂಗೇರಿಯನ್ನರು, ಏಳುನೂರರಷ್ಟು ಸೋವಿಯತ್ ಸೈನಿಕರು ಸತ್ತಿದ್ದರು. ಸುಮಾರು ಎರಡು ಲಕ್ಷ ಜನ ಗಡಿ ದಾಟಿದ್ದರು. ಮುಂದಿನ ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ ಹೆಚ್ಚಿನವರು ಕೂಲಿ ಕಾರ್ಮಿಕರು.

301

ಕೆಲಸದ ಮೇಲೆ ವಿಯೆನ್ನಾಕ್ಕೆ ಹೋಗಿದ್ದಾಗ ವಾರಾಂತ್ಯದಲ್ಲಿ ರೈಲು ಹತ್ತಿ ಬುಡಾಪೆಸ್ಟಿಗೆ ಹೋದೆ. ನಗರದ ಅಂಚಿನ ದೊಡ್ಡ ಸ್ಮಶಾನದ 301ನೇ ಭಾಗ ನೋಡಬೇಕಿತ್ತು. ಟ್ರಾಮ್ ಕೊನೆಯ ನಿಲ್ದಾಣದವರೆಗೆ ಹೋಗುತ್ತದೆ, ಗೇಟಿನ ಹೊರಗೆ ಹೂ ಮಾರುವವರು, ಸಮಾಧಿ ಕಲ್ಲು ಕೆತ್ತುವವರು. ಒಳಗೆ ಹೋಗಿ ನಡೆದೇ ನಡೆದೆ. 301 ಇರುವುದು ಕಟ್ಟಕಡೆಯ ಮೂಲೆಯಲ್ಲಿ. 1958ರ ಜೂನ್ 16ರಂದು ಗಲ್ಲಿಗೇರಿದ ನಾಜ್‌ರ ದೇಹವನ್ನು ಡಾಂಬರು ಕಾಗದದಲ್ಲಿ ಸುತ್ತಿ ತಂತಿ ಬಿಗಿದು ಕೊನೆಗೆ ಇಲ್ಲಿ ಮಗುಚಿ ಹೂತಿದ್ದರು, ದಾಖಲೆಯಲ್ಲಿ ಯಾವಳೋ ಹೆಂಗಸಿನ ಹೆಸರು ಬರೆದು. ನ್ಯಾಯಾಲಯದಲ್ಲಿ ಅವರು ಕ್ಷಮೆ ಕೇಳಲಿಲ್ಲ. ಈಗ ಅಲ್ಲಿ ಕೆತ್ತಿದ ಮರದ ಕಂಬಗಳ ಸಾಲು, ಒಂದೊಂದರ ಮೇಲೂ ಹೆಸರು ಮತ್ತು ಇಸವಿ. ಬಹಳಷ್ಟು ಹುಟ್ಟಿದ ಇಸವಿಗಳು ಮೂವತ್ತರ ದಶಕದವು. ಬಳಿಯಲ್ಲೊಂದು ಮರದ ಮಹಾದ್ವಾರ, ಅದರ ಮೇಲೆ ಹಂಗೇರಿಯನ್ ಆತ್ಮವುಳ್ಳವರಷ್ಟೇ ಈ ಬಾಗಿಲು ದಾಟಬಹುದು ಎಂಬರ್ಥದ ಬರಹ. ಮೊಬೈಲಿನಲ್ಲಿ ಅರ್ಥ ತಿಳಿದುಕೊಂಡ ಮೇಲೆ ಒಂದು ಕ್ಷಣ ನಿಂತೆ, ಆಮೇಲೆ ದಾಟಿಯೇ ಹೋದೆ. ಒಳಗೆ ಮಲಗಿರುವವರಲ್ಲಿ ಕಮ್ಯುನಿಸ್ಟರ ಅಂತರರಾಷ್ಟ್ರೀಯ ಗೀತೆ ಹಾಡುತ್ತ ಬೆಳೆದವರು ಎಷ್ಟು ಜನವೋ.

1989ರ ಜೂನ್ 16ರಂದು ನಾಜ್ ಮತ್ತು ಸಂಗಡಿಗರ ಶವಪೆಟ್ಟಿಗೆಗಳನ್ನು ವೀರರ ಚೌಕದಲ್ಲಿ ಇಟ್ಟು ಗೌರವಿಸಿದರು. ಆರನೆಯ ಪೆಟ್ಟಿಗೆ ಖಾಲಿ, ಹೆಸರಿಲ್ಲದ ದಂಗೆಕೋರರಿಗಾಗಿ. ಅಂದು ವೇದಿಕೆಯಲ್ಲಿ ಸೋವಿಯತ್ ಸೈನ್ಯ ಹೊರಡಲಿ ಎಂದು ನೇರವಾಗಿ ಹೇಳಿದ ಗಡ್ಡದ ತರುಣ ವಿಕ್ಟರ್ ಒರ್ಬಾನ್. ಅದೇ ಒರ್ಬಾನ್ ಪ್ರಧಾನಿಯಾಗಿದ್ದಾಗ, 2018ರ ಡಿಸೆಂಬರಿನಲ್ಲಿ, ಸಂಸತ್ ಭವನದ ಬಳಿ ಸೇತುವೆಯ ಮೇಲೆ ನಿಂತಿದ್ದ ನಾಜ್ ಪ್ರತಿಮೆಯನ್ನು ಎತ್ತಿ ಬೇರೆಡೆಗೆ ಸಾಗಿಸಿದರು. ಆ ಜಾಗಕ್ಕೆ 1919ರ ಕಮ್ಯುನಿಸ್ಟ್ ಆಡಳಿತಕ್ಕೆ ಬಲಿಯಾದವರ ಸ್ಮಾರಕ ಬಂತು. ದಂಗೆ ಬೇಕು, ಅದರ ಪ್ರಧಾನಿ ಕಮ್ಯುನಿಸ್ಟ್ ಆಗಿದ್ದದ್ದು ಮಾತ್ರ ಬೇಡ.

ರಾತ್ಸ್‌ಗೆ ಜೀವಾವಧಿ ಶಿಕ್ಷೆಯಾಗಿ 1963ರ ಕ್ಷಮಾದಾನದಲ್ಲಿ ಬಿಡುಗಡೆಯಾಯಿತು. ಹೊರಬಂದು ಮತ್ತೆ ಟೂಲ್‌ಮೇಕರ್ ಕೆಲಸವನ್ನೇ ಮಾಡಿದ. ಅಷ್ಟರಲ್ಲಿ ಕಾದಾರ್ ಕೂಲಿ ಹೆಚ್ಚಿಸಿದ್ದ, ಅಟ್ಟ ಗುಡಿಸುವುದನ್ನು ಮತ್ತೆ ತರಲಿಲ್ಲ, ಅಂಗಡಿಗಳಲ್ಲಿ ಮಾಂಸ ಸಿಗುವಂತೆ ನೋಡಿಕೊಂಡ. ಸೋತ ಮುಷ್ಕರಕ್ಕೆ ಸಿಕ್ಕ ಕೂಲಿ ಇದು ಎಂದು ನಾನು ಲೆಕ್ಕ ಹಾಕುತ್ತೇನೆ. ಹೆದರಿದ ಸರ್ಕಾರ ಮಾತ್ರ ಹೀಗೆ ಉದಾರವಾಗುತ್ತದೆ. ಮಂಡಳಿಗಳನ್ನು ಮಾತ್ರ 1957ರ ನವೆಂಬರ್ ಹೊತ್ತಿಗೆ ಕಾಗದದ ಮೇಲೂ ಉಳಿಸಲಿಲ್ಲ. 1989ರಲ್ಲಿ 56ರ ಬೇಡಿಕೆಗಳು ಒಂದೊಂದಾಗಿ ಈಡೇರತೊಡಗಿದವು: ಹಲವು ಪಕ್ಷಗಳು, ಚುನಾವಣೆ, ಕೊನೆಗೆ ಸೈನ್ಯದ ನಿರ್ಗಮನ. ಕಾರ್ಖಾನೆ ಕಾರ್ಮಿಕರಿಗೆ ಸೇರಿದ್ದು ಎಂಬ ಮಾತಿಗೆ ಮಾತ್ರ ಹೊಸಬರಲ್ಲೂ ಕಿವಿಗೊಡುವವರು ಸಿಗಲಿಲ್ಲ. ನಾಜ್ ಮರುಸಂಸ್ಕಾರ ನಡೆದ ಆ ವರ್ಷವೇ, ಕೇಂದ್ರ ಮಂಡಳಿ ಹುಟ್ಟಿದ ಉಯ್‌ಪೆಷ್ತಿನ ಬಲ್ಬ್ ಕಾರ್ಖಾನೆಯ ಹೆಚ್ಚಿನ ಪಾಲನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕೊಂಡುಕೊಂಡಿತು. 2022ರಲ್ಲಿ ತುಂಗ್‌ಸ್ರಾಮ್ ದಿವಾಳಿ ಎದ್ದಾಗ ಅದರ ಮಾಲೀಕತ್ವ ಮತ್ತೊಮ್ಮೆ ಕೈ ಬದಲಾಗಿತ್ತು. ಆ ಯಾವ ಮಾರಾಟದಲ್ಲೂ ಯಂತ್ರದ ಮುಂದೆ ನಿಂತವರನ್ನು ಕೇಳಬೇಕೆಂಬ ನಿಯಮವಿರಲಿಲ್ಲ.